ಒಂದು ಗಂಟೆ

ಕತ್ತೆಯದು ತಪ್ಪಿಲ್ಲ, ಮೊದಲೇ ಹೇಳಿಬಿಡುತ್ತೇನೆ.
ಅಡಿಸ್ ಅಬಾಬಾ, ಶೋಲಾ ಸಂತೆಯ ಇಳಿಜಾರು,
ಬೆಳಗಿನ ಒಂದು ಗಂಟೆ.
ಹೊತ್ತು ಹುಟ್ಟಿದ ಮೇಲೆ ಎಣಿಸಲು ಶುರುಮಾಡುವ ಊರು ನಮ್ಮದು,
ಕಾರಿನ ಗಡಿಯಾರ ಮಾತ್ರ ಏಳು ಎನ್ನುತ್ತಿತ್ತು.
ಅದರ ಬೆನ್ನ ಹಿಂದೆ ಬಂದು ನಿಂತಿದ್ದೆ.
ಎಂಜಿನ್ ಇಲ್ಲ, ಹೊಗೆ ಇಲ್ಲ, ಒಂದು ಕೆಮ್ಮೂ ಇಲ್ಲ.
ಹಿಂದಿನದಕ್ಕೆಲ್ಲ ಕಿವಿಯನ್ನೇ ಕಣ್ಣು ಮಾಡಿಕೊಂಡ ಪ್ರಾಣಿ
ಬಯಲೆಂದು ತಿಳಿದು
ಎರಡು ಹೆಜ್ಜೆ ಹಿಂದಿಟ್ಟಿತು.

ಟಪ್.

ಅಷ್ಟೇ. ಒಣಸೌದೆ ಮುರಿದ ಹಾಗೆ.
ಬಂಪರಿನ ಎಡಮೂಲೆ ಒಳಗೆ ಹೋಗಿ
ಹಲ್ಲುದುರಿದ ಅಜ್ಜಿಯ ಕೆನ್ನೆಯಾಯಿತು.
ಮೂಟೆಯ ಹೊಲಿಗೆ ಬಿಚ್ಚಿ
ಗಸಗಸೆಗಿಂತ ಸಣ್ಣ ಟೆಫ್ ಕಾಳು
ಬಾನೆಟ್ಟಿನ ಮೇಲೆ ನೀರಿನಂತೆ ಹರಿಯಿತು.
ತೊಲೊಸ ಓಡಿ ಬಂದ. ಮೊದಲು ಕತ್ತೆಯ ಕಾಲು ಸವರಿದ,
ಆಮೇಲೆ ಕಾಳು ಬಳಿದ, ಆಮೇಲೆ ನನ್ನ ಮುಖ ನೋಡಿದ.
"ಅಕ್ಕಾ, ಒಂದು ಹಾರ್ನ್ ಹೊಡೆಯಬಾರದಿತ್ತೇ?"
"ನಿಂತ ಗಾಡಿ ಯಾಕಪ್ಪಾ ಹಾರ್ನ್ ಹೊಡೆಯುತ್ತದೆ?"
ಜನ ಸೇರಿದರು. ಸೇರದೆ ಇರುತ್ತಾರೆಯೇ.
ಒಬ್ಬ ಕತ್ತೆಯ ಪರ, ಇಬ್ಬರು ನನ್ನ ಪರ,
ಉಳಿದವರೆಲ್ಲ ಬ್ಯಾಟರಿ ಸಿಡಿದೀತೆಂದು ಮಾರು ದೂರ.

ಅಂದಿನಿಂದ ಕಾರಿಗೆ ಹಲುಬು ಹಿಡಿಯಿತು.
ಎಡಕ್ಕೆ ಏನೋ ಇದೆ, ಬೀಪ್,
ಎಡಕ್ಕೆ ಯಾರೋ ಇದ್ದಾರೆ, ಬೀಪ್ ಬೀಪ್,
ಖಾಲಿ ರಸ್ತೆಯಲ್ಲಿ, ಆಟದ ಬಯಲಿನ ನಟ್ಟನಡುವೆ,
ನಡುರಾತ್ರಿ ವಿಮಾನ ನಿಲ್ದಾಣದ ಸಾಲಿನಲ್ಲಿ.
ಚೀನಿ ಹೆಂಗಸೊಬ್ಬಳು ಒಳಗಿಂದ ಏನೋ ಹೇಳುತ್ತಾಳೆ;
ದನಿ ಮೆತ್ತಗೆ, ಅರ್ಥ ದೇವರಿಗೇ ಗೊತ್ತು.
ಏಜೆನ್ಸಿಯವನೆಂದ: ಹೊಸ ಬಂಪರ್ ಹಡಗಿನಲ್ಲಿ ಬರಬೇಕು,
ಜಿಬೂತಿಯಲ್ಲಿ ಇಳಿಯಬೇಕು, ಮೂರು ತಿಂಗಳು ಹಿಡಿಯಬಹುದು.
ಬೆಲೆ ಕೇಳಿದೆ.
ಬೆಲೆ ಕೇಳಿದ ಮೇಲೆ ಒಂದು ಲೋಟ ನೀರು ಕೇಳಿದೆ.

ಗಾಶೆ ಬೆಲಾಚೆವ್ ನಲವತ್ತು ವರ್ಷ
ನೀಲಿ-ಬಿಳಿ ಮುದಿ ಟ್ಯಾಕ್ಸಿಗಳ ಎದೆಗೆ ಕಿವಿಯಿಟ್ಟು ರೋಗ ಹೇಳಿದವನು.
ನನ್ನ ಬಾನೆಟ್ಟಿಗೂ ಕಿವಿಯಿಟ್ಟ, ಅಭ್ಯಾಸಬಲ.
"ಇದು ಬದುಕಿದೆಯೋ ಇಲ್ಲವೋ ಹೇಗಮ್ಮ ತಿಳಿಯುವುದು, ಅಸ್ನಾಕೆಚ್?"
ಕಿತ್ತಳೆ ಬಣ್ಣದ ತಂತಿಗಳತ್ತ ಬೆರಳೂ ಚಾಚಲಿಲ್ಲ.
ಅದು ಹುಲಿಯ ಮೀಸೆ, ಚರ್ಮ ಮಾತ್ರ ನನ್ನ ಪಾಲು, ಎಂದ.
ಕೆಟಲಿನಲ್ಲಿ ನೀರು ಕುದಿಸಿ ಹೊಯ್ದು
ಒಳಗಿಂದ ಅಂಗೈ ಕೊಟ್ಟು ಒತ್ತಿದ,
ಗಳಕ್ಕನೆ ಕೆನ್ನೆ ತುಂಬಿಕೊಂಡಿತು.
ಸೀಳಿಗೆ, ಕಾಯಿಸಿದ ತಾಮ್ರದ ತಂತಿಯಲ್ಲಿ, ಒಂಬತ್ತು ಹೊಲಿಗೆ.
ಕೊನೆಗೆ ಅಂಗಿಗುಂಡಿಯಷ್ಟೇ ಇದ್ದ ಸೆನ್ಸರನ್ನು
ತನ್ನ ಅಂಗಿಯ ತುದಿಯಿಂದಲೇ ಒರೆಸಿದ:
ಗೋಣಿಯ ಒಂದು ನಾರು, ಐದಾರು ಕಾಳು ಟೆಫ್.
"ಮೂರು ವಾರದಿಂದ ಇವಳು ನಿಜವನ್ನೇ ಹೇಳುತ್ತಿದ್ದಳಲ್ಲ," ಎಂದ,
"ಎಡಕ್ಕೆ ಏನೋ ಇದೆ ಅಂತ."

ಭಾನುವಾರ ತೊಲೊಸ ಬಂದ,
ಕೇರಿಯ ಹಿರಿಯರ ಮುಂದೆ, ಕಾಫಿಯ ಮೂರನೆಯ ಸುತ್ತಿಗೆ.
ದುಡ್ಡಿಲ್ಲ ಎಂದ. ಇಲ್ಲದ್ದು ನನಗೂ ಗೊತ್ತಿತ್ತು.
ಚೆಲ್ಲಿಹೋದ ಕಾಳಿನ ಲೆಕ್ಕ ನಾನೂ ಎತ್ತಿರಲಿಲ್ಲ.
ಜೇಬಿಗೆ ಕೈ ಹಾಕಿ ಒಂದು ಗಂಟೆ ತೆಗೆದ,
ಹಿತ್ತಾಳೆಯದು, ಕತ್ತೆಯ ಕೊರಳಿನದು,
ಬೆವರು ಕುಡಿದು ಕಪ್ಪಾದ ಚರ್ಮದ ಪಟ್ಟಿ.
"ಅವಳಿಗಿಂತ ನಿನ್ನದಕ್ಕೇ ಇದು ಬೇಕು, ಅಕ್ಕಾ."
ಹಿರಿಯರೆಲ್ಲ ನಕ್ಕರು. ನನಗೆ ನಗು ಬರಲಿಲ್ಲ;
ಬಂದದ್ದು ರಾತ್ರಿ, ಒಬ್ಬಳೇ ಹಲ್ಲುಜ್ಜುವಾಗ.

ಕನ್ನಡಿಗೆ ಕಟ್ಟಿದ್ದೇನೆ. ಗಾಜು ಏರಿಸಿದರೆ
ಹೊರಗಿನವರಿಗೆ ಕೇಳಿಸುವುದಿಲ್ಲ.
ಅದಕ್ಕೇ ಶೋಲಾದ ಇಳಿಜಾರು ಬಂದಾಗ
ಚಳಿಯಿದ್ದರೂ ಕಿಟಕಿ ಇಳಿಸುತ್ತೇನೆ,
ಪ್ರಯಾಣಿಕರು ಗೊಣಗುತ್ತಾರೆ.
ಹೊಲಿಗೆಗೆ ಇನ್ನೂ ಬಣ್ಣ ಹಚ್ಚಿಲ್ಲ.
ಬಿಳಿ ಸಿಕ್ಕಿದೆ, ಎರಡು ಡಬ್ಬಿ.
ಈ ಬಿಳಿ ಸಿಕ್ಕಿಲ್ಲ.